ಹತ್ತು ಪಾರ್ಸೆಕ್ ಉದ್ದದ ಅಲೆ

ಸುರಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ದೇವಕಮ್ಮ ಏನನ್ನಾದರೂ ಸಹಿಸಿಯಾಳು, ಪಾರ್ಸೆಕ್ಕನ್ನು ಜ್ಯೋತಿರ್ವರ್ಷವೆಂದು ಬರೆದವರನ್ನು ಮಾತ್ರ ಸಹಿಸಳು. ಬೆಳಕು ಒಂದು ವರ್ಷ ಓಡುವ ದೂರ ಜ್ಯೋತಿರ್ವರ್ಷ. ಅಂಥ ಮೂರೂಕಾಲು ಸೇರಿದರೆ ಒಂದು ಪಾರ್ಸೆಕ್. ಇದನ್ನು ಮರೆತವನಿಗೆ ಇಡೀ ತರಗತಿಯ ಮುಂದೆ ಮಂಗಳಾರತಿ. “ಎರಡು ಪಾಲು ನುಂಗಿ ನೀರು ಕುಡದೆಲ್ಲೋ, ನಾಚಿಕಿ ಆಗಲ್ಲೇನು?” ಎಂದು ಕೇಳುತ್ತಿದ್ದಳು.

ರಂಗಂಪೇಟೆಯ ಮನೆಯಲ್ಲಿ ಇದ್ದವರು ಮೂವರು ಹೆಂಗಸರು: ದೇವಕಮ್ಮ, ತಾಯಿ ಮರಿಲಿಂಗಮ್ಮ, ತಮ್ಮನ ಹೆಂಡತಿ ಮೋನಮ್ಮ. ತಮ್ಮ ಯಂಕಣ್ಣ ಹತ್ತು ವರ್ಷದ ಹಿಂದೆ, ಕಾಲುವೆಗೆ ನೀರು ಬಿಟ್ಟ ದಿನ, ಶಹಾಪುರದಾಚೆ ಗೇಟಿಗೆ ಸಿಕ್ಕ ಕಸ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ದಂಡೆಯ ಮೇಲೆ ಚಪ್ಪಲಿ ಸಿಕ್ಕವು, ಹೆಣ ಸಿಗಲಿಲ್ಲ. “ಹೆಣಾ ತೋರಸ್ರಿ, ಅಳ್ತೀನಿ,” ಎಂದ ಮರಿಲಿಂಗಮ್ಮ ಒಂದು ಹನಿಯನ್ನೂ ಹಾಕಲಿಲ್ಲ. ವರ್ಷ ವರ್ಷ ಬಳೆಗಾರ್ತಿ ಸರ್ವರಬೇಗಂ ಎಂಬವಳನ್ನು ಕರೆಸಿ ಸೊಸೆಯ ಕೈತುಂಬ ಹಸಿರು ಬಳೆ ಇಡಿಸುತ್ತಿದ್ದಳು. ಮೋನಮ್ಮ ಕೈ ಚಾಚುತ್ತಿದ್ದಳು.

ಈ ಬೇಸಿಗೆಯಲ್ಲಿ ಗೋಡೆ ಕಟ್ಟುವ ಶಿರವಾಳದ ಗೌಂಡಿ ಮಲ್ಲಣ್ಣ ಮೋನಮ್ಮನನ್ನು ಉಡಿಕೆಗೆ ಕೇಳಿದ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆ ಸೇರಿಸುವ ಉಡಿಕೆಗೆ ಅವರಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಆದರೆ ಗಂಡ ಸತ್ತಿದ್ದಾನೆಂದು ಅತ್ತೆ ಒಪ್ಪಬೇಕಲ್ಲ! ಶ್ರಾವಣದೊಳಗೆ ಹೇಳಿ, ಇಲ್ಲವಾದರೆ ಬೇರೆ ಕಡೆ ನೋಡುತ್ತೇನೆ ಎಂದಿದ್ದ ಮಲ್ಲಣ್ಣ.

“ಯಕ್ಕ, ನನಗ ಹೋಗಬೇಕನಸ್ತೈತಿ,” ಎಂದು ಮೋನಮ್ಮ ಒಂದೇ ಸಲ ಹೇಳಿದ್ದಳು. ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಒಂದು ಸಂಜೆ ದೇವಕಮ್ಮ ಮರುದಿನದ ಪಾಠ ಗುಣಗುಣಿಸುತ್ತ ಕೂತಿದ್ದಳು. ಜೋಳ ಹಸನು ಮಾಡುತ್ತಿದ್ದ ತಾಯಿ ಕೇಳಿದಳು: “ಏನ ಗೊಣಗಾಕತ್ತಿ?”

“ಅಲಿ, ಅವ್ವ. ನೀರಿಂದಲ್ಲ, ಆಕಾಶದ್ದು, ಗುರುತ್ವದ ಅಲಿ ಅಂತಾರ. ಎರಡು ದೊಡ್ಡ ಕೃಷ್ಣರಂಧ್ರ ಒಂದಕ್ಕೊಂದು ಸುತ್ತಿದ್ರ ಏಳ್ತೈತಿ. ಬೆಳಕಿನಷ್ಟ ಜೋರ ಓಡಿದ್ರೂ ಒಂದ ಅಲಿ ನಮ್ಮನ್ನ ದಾಟಾಕ ವರ್ಷಗಟ್ಲೆ ಬೇಕು. ಅಷ್ಟ ಉದ್ದ.”

“ಅಂದ್ರ ಯಂಕಣ್ಣ ಹೋದಾಗ ಬಂದ ಅಲಿ ಇನ್ನಾ ದಾಟಾಕತ್ತೈತೇನು?”

“ಹೂಂ,” ಎಂದುಬಿಟ್ಟಳು ದೇವಕಮ್ಮ, ಹಿಂದುಮುಂದು ನೋಡದೆ.

ಮುದುಕಿಯ ಕೈಯಲ್ಲಿದ್ದ ಮೊರ ನಿಂತಿತು. “ಮತ್ತ? ಅವತ್ತಿನ ಅಲಿನೇ ಇನ್ನಾ ಹೋಗಿಲ್ಲ, ನನ್ನ ಮಗ ಹೋದ ಅಂತೀರಿ! ಅದು ಮುಗಿಯೂತನಕ ನನ್ನ ಮುಂದ ಉಡಿಕಿ ಮಾತ ಎತ್ತಬ್ಯಾಡ್ರಿ. ಯಾವಾಗ ಮುಗೀತೈತಿ ಹೇಳು.”

ಒಲೆಯ ಮುಂದೆ ಮೋನಮ್ಮ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಾಳೆಯ ಮೇಲೆ ಅಲೆಯ ಉದ್ದ ಹತ್ತು ಪಾರ್ಸೆಕ್ ಎಂದಿತ್ತು. ಮೂವತ್ತೆರಡು ಜ್ಯೋತಿರ್ವರ್ಷಕ್ಕೂ ಮೇಲೆ; ದಾಟಲು ಅಷ್ಟೇ ವರ್ಷ. ಇನ್ನೂ ಇಪ್ಪತ್ತೆರಡು ವರ್ಷ ಬಾಕಿ. ಅಷ್ಟರಲ್ಲಿ ಮೋನಮ್ಮನ ತಲೆ ನೆರೆತಿರುತ್ತದೆ. ದೇವಕಮ್ಮನಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು.

“ಹತ್ತು ವರ್ಷ,” ಎಂದಳು. “ಈ ಸಲ ಕಾಲುವಿಗೆ ನೀರು ಬಿಡೂ ದಿನಕ್ಕ ಮುಗೀತೈತಿ, ಅವ್ವ.”

ಮಕ್ಕಳ ಕಿವಿ ಹಿಂಡುತ್ತಿದ್ದ ಅದೇ ತಪ್ಪು. ತಿಳಿದೂ ತಿಳಿದೂ ಮಾಡಿದಳು. ಎದೆ ಹಗುರಾಯಿತು. ಗಂಟು ಬಿಚ್ಚಿತು ಅಂದುಕೊಂಡಳು, ಪಾಪ.

ನೀರು ಬಿಟ್ಟ ದಿನ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ಮೋನಮ್ಮ ಬಾಗಿಲಲ್ಲೇ ನಿಂತಿದ್ದಳು. “ಶಹಾಪುರ ಬಸ್ ಹತ್ಯಾಳ ಯಕ್ಕ. ಪುಂಡಿಪಲ್ಯ, ರೊಟ್ಟಿ, ಹೊಸಾ ಅಂಗಿ ಕಟಗೊಂಡಾಳ. ಅಲಿ ಮುಗೀತಲ್ಲ, ಇವತ್ತ ಬರ್ತಾನ ಅಂತ.”

ದೇವಕಮ್ಮ ಚೀಲವನ್ನು ಬಾಗಿಲಲ್ಲೇ ಒಗೆದಳು. ಸಿಕ್ಕ ಜೀಪು ಹತ್ತಿ ಓಡಿದಳು.

ಗೇಟಿನ ಹತ್ತಿರ ದಂಡೆಯ ಮೇಲೆ ಮುದುಕಿ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆಂಪು ನೀರು ಒಣಕಸವನ್ನು ತಳ್ಳಿಕೊಂಡು ಬರುತ್ತಿತ್ತು. ಏನು ತೇಲಿ ಬಂದರೂ ಅರ್ಧ ಏಳುವಳು, ಮತ್ತೆ ಕೂರುವಳು. ದೇವಕಮ್ಮ ಪಕ್ಕದಲ್ಲಿ ಕೂತಳು. ಲೆಕ್ಕ ಸುಳ್ಳೆಂದು ಹೇಳಿದರೆ ತಾಯಿ ಇನ್ನೂ ಇಪ್ಪತ್ತೆರಡು ವರ್ಷ ಇಲ್ಲೇ ಬಂದು ಕೂರುವಳು. ಹೇಳದಿದ್ದರೆ ಇವತ್ತೇ ಮಗನನ್ನು ಕಳೆದುಕೊಳ್ಳುವಳು. ಲೆಕ್ಕದ ಮಾತೆತ್ತದೆ ತಾನೂ ನೀರನ್ನೇ ನೋಡತೊಡಗಿದಳು.

ಹೊತ್ತು ಮುಳುಗಿತು. ಯಾರೂ ಬರಲಿಲ್ಲ. ಮರಿಲಿಂಗಮ್ಮ ಗಂಟು ಬಿಚ್ಚಿ ರೊಟ್ಟಿಯನ್ನು ನೀರಿಗೆ ಹಾಕಿದಳು. ಅಂಗಿಯನ್ನೂ ಬಿಟ್ಟಳು.

ಮನೆಗೆ ಬಂದವಳೇ ಸೊಸೆಯನ್ನು ಕರೆದು ಕೂರಿಸಿಕೊಂಡು, ಕೈಗೆ ಸಾಬೂನು ಹಚ್ಚಿ, ಬಳೆಗಳನ್ನು ಒಡೆಯದ ಹಾಗೆ ಒಂದೊಂದಾಗಿ ಕಳಚಿದಳು. “ಮಲ್ಲಣ್ಣಗ ಹೇಳಿ ಕಳಸ್ರಿ. ಉಡಿಕಿ ಸೀರಿ ನಾನೇ ತರ್ತೀನಿ.” ಮೋನಮ್ಮ ಅತ್ತೆಯ ಕಾಲು ಹಿಡಿದು ಬಿಕ್ಕಿದಳು.

ಆಮೇಲೆ ಮುದುಕಿ ಮಗಳ ಕಡೆ ತಿರುಗಿ, ಸಾಬೂನಿನ ಕೈಯಿಂದಲೇ ಕೆನ್ನೆ ಸವರಿದಳು.

“ಹತ್ತ ಮಂದಿ ಹತ್ತ ಥರ ಅಂದ್ರು. ನಾ ಯಾರನ್ನೂ ನಂಬಲಿಲ್ಲ. ನೀ ಓದಿದಾಕಿ, ಸುಳ್ಳ ಹೇಳಾಕಿ ಅಲ್ಲ. ಅಲಿ ಹೋತು, ಅವನೂ ಹೋದ. ನಿನ್ನ ಲೆಕ್ಕ ಖರೇ ಆತವ್ವ.”

“ಹೂಂ ಅವ್ವ,” ಎಂದಳು ದೇವಕಮ್ಮ.

ಆಗ ಮರಿಲಿಂಗಮ್ಮ ಮಗನ ಹೆಸರು ಕರೆದು ಗಟ್ಟಿಯಾಗಿ ಅಳತೊಡಗಿದಳು.