ಶನಿವಾರದ ವಾದ

ಆಧಾರ್ ತೋರಿಸ್ರೀ ಯವ್ವಾ, ಟಿಕೆಟ್ ಫ್ರೀ ಖರೆ, ಆಧಾರ್ ಬೇಕು, ಎನ್ನುತ್ತಾನೆ ಕಂಡಕ್ಟರ್ — ಮುಂದಿನ ಸೀಟಿನ ಮುದುಕಿ ಸೆರಗಿನ ಗಂಟು ಬಿಚ್ಚುತ್ತ, ನಾ ನಾನೇ ಅಂತ ಹೇಳಾಕೂ ಸಾಕ್ಷಿ ಬೇಕೇನಪಾ ಎಂದು ಗೊಣಗುತ್ತಾಳೆ, ಬಸ್ಸಿನವರು ನಗುತ್ತಾರೆ, ಸಂಜೀವನ ತಲೆ ಮಾತ್ರ ಹಾಳು ಚಟಕ್ಕೆ ಬಿದ್ದು ಆ ಮಾತನ್ನೂ ಎತ್ತಿಟ್ಟುಕೊಳ್ಳುತ್ತದೆ, ಮುಂದಿನ ಭಾನುವಾರ ಸಭೆಯಲ್ಲಿ ಮಾಡುವ ಪ್ರಸಂಗಕ್ಕೆ ಆಯಿತು, ಸಾಕ್ಷಿ ಇಲ್ಲದೆ ದೇವರನ್ನು ನಂಬಬಹುದೇ ಎನ್ನುವ ಕಡೆ — ಥೂ, ಇಂಥ ಹೊತ್ತಿನಲ್ಲೂ ಪ್ರಸಂಗವೇ, ಅಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿ ಸುಶಮೀಂದ್ರಾಚಾರ್ಯರು ಮಾತು ಕಳೆದುಕೊಂಡು ಮಲಗಿದ್ದಾರೆ, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಅವರ ಹೆಂಡತಿ ಅಹಲ್ಯಾಬಾಯಿಯ ಫೋನು ಬಂತು, ಲಕ್ವಾ ಹೊಡದದ ಅಂತಾರ ಸರ್, ನಿನ್ನಿ ಸಂಜಿ ನೀವು ಹೋದ ಮ್ಯಾಲ ಅಲ್ಲೇ ಕೂತಿದ್ರು, ಜಪ ಮಾಡ್ಲಿಕತ್ತಾರಂತ ನಾ ಸುಮ್ಮನಿದ್ದೆ, ಡಾಕ್ಟರು ಕೇಳ್ಲಿಕತ್ತಾರ, ಮಾತು ನಿಂತದ್ದು ಯಾರೂ ನೋಡಲಿಲ್ಲೇನು, ಕೂಡಲೇ ಕರ್ಕೊಂಡು ಬಂದಿದ್ರ ಇಂಜೆಕ್ಷನ್ ಕೊಡ್ತಿದ್ವಿ ಅಂತ, ನಾ ಕಾಫಿ ಕೊಟ್ಟು ಒಳಗ ಹೋದಾಕಿ, ನೀವು ಎದುರಿಗೇ ಕೂತಿದ್ರಿ, ಏನರ ಕಂಡಿತ್ತೇನ್ರೀ ನಿಮಗ? ಇವನು ಏನೆಂದ? ಇಲ್ರೀ ಅಕ್ಕಾರ, ಚಂದಾಗೇ ಇದ್ರಲ್ಲ, ಎಂದ. ಬಾಯಿಗೆ ಬಂದದ್ದು ಅದೇ. ಬಂದೆ ತಡೀರಿ ಎಂದು ಸಿಕ್ಕ ಬಸ್ಸು ಹತ್ತಿದ.

ಮಾನ್ವಿ ಕಾಲೇಜಿನಲ್ಲಿ ಆಚಾರ್ಯರು ಸಂಸ್ಕೃತ, ಇವನು ತರ್ಕಶಾಸ್ತ್ರ, ಕುರ್ಡಿಯ ಕೂಲಿಕಾರ ಮೂಕಪ್ಪನ ಮಗ, ಅಪ್ಪನ ಕಾಲಕ್ಕೇ ಕ್ರೈಸ್ತ ಸಭೆಗೆ ಸೇರಿದ ಮನೆ, ದೇವರು ಬೇರೆ ಜೀವ ಬೇರೆ ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು, ಮಿಕ್ಕಿದ್ದಕ್ಕೆಲ್ಲ ಜಗಳ, ಸ್ಟಾಫ್ ರೂಮಿನಲ್ಲಿ ಜಗಳ, ಬಸ್ಸಿನಲ್ಲಿ ಜಗಳ, ನಿವೃತ್ತಿಯಾಗಿ ಇಬ್ಬರೂ ರಾಯಚೂರಿಗೆ ಬಂದ ಮೇಲೆ ಪ್ರತಿ ಶನಿವಾರ ಆಚಾರ್ಯರ ಪಡಸಾಲೆಯಲ್ಲಿ ಜಗಳ, ಮೊದಮೊದಲು ಅಹಲ್ಯಾಬಾಯಿ ಇವನಿಗೆ ಕಾಗದದ ಕಪ್ಪಿನಲ್ಲಿ ಕಾಫಿ ಕೊಡುತ್ತಿದ್ದರು, ಒಂದು ದಿನ ಆಚಾರ್ಯರು ತಮ್ಮ ಲೋಟವನ್ನು ಇವನ ಮುಂದಕ್ಕೆ ಸರಿಸಿ ತಾವು ಕಾಗದದ ಕಪ್ಪು ಎತ್ತಿಕೊಂಡರು, ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅಂದಿನಿಂದ ಎರಡೂ ಸ್ಟೀಲ್ ಲೋಟ. ವಾದಕ್ಕೊಂದು ಕಟ್ಟಳೆ, ಅದೂ ಅವರದೇ, ಎದುರಾಳಿಯ ಮಾತನ್ನು ಮೊದಲು ಅವನು ಒಪ್ಪುವ ಹಾಗೆ ತಿರುಗಿ ಹೇಳಬೇಕು, ಆಮೇಲೆ ಖಂಡಿಸಬೇಕು, ಉತ್ತರ ಹೊಳೆಯದೆ ಸುಮ್ಮನಾದವನು ಸೋತಂತೆ. ಇಷ್ಟು ವರ್ಷದಲ್ಲಿ ಆಚಾರ್ಯರು ಸುಮ್ಮನಾದದ್ದೇ ಇಲ್ಲ ಮಾರಾಯ. ಸಭೆಯಲ್ಲಿ ಯಾರಿಗೆ ಬೇಕು ಇದೆಲ್ಲ, ಬ್ರದರ್, ವಿಶ್ವಾಸ ಇದ್ರ ಸಾಕ್ರೀ, ತರ್ಕ ಯಾಕ ಎನ್ನುತ್ತಾರೆ, ಹೆಂಡತಿ ಸುಮಂಗಲಾ ಅಂತೂ, ದೇವರಿಗೆ ನೀವು ವಕೀಲರೇನ್ರೀ, ಆತ ಕರದಾನೇನು ನಿಮ್ಮನ್ನ ಎಂದು ಲೈಟು ಆರಿಸಿ ಮಗ್ಗುಲಾಗುತ್ತಾಳೆ, ಇವನ ದೇವರ ವಿಷಯ ಇವನಷ್ಟೇ ಹಟ ಹಿಡಿದು ಕೇಳುವವರು ಇಡೀ ಊರಲ್ಲಿ ಒಬ್ಬರೇ ಇದ್ದರು, ಆ ದೇವರನ್ನು ನಂಬದವರು. ಇದ್ದರು ಅಂತ ಯಾಕಂದೆ, ಇದ್ದಾರೆ, ಇದ್ದಾರೆ.

ಗಬ್ಬೂರಿನಲ್ಲಿ ಯಾರೋ ಮೆಣಸಿನಕಾಯಿ ಚೀಲ ಒಳಗೆಳೆಯುತ್ತಾರೆ, ಘಾಟಿಗೆ ಬಸ್ಸೆಲ್ಲ ಕೆಮ್ಮು, ಕಣ್ಣಲ್ಲಿ ನೀರು, ಒಳ್ಳೆಯದೇ ಆಯಿತು, ಯಾರೂ ಯಾಕೆಂದು ಕೇಳುವುದಿಲ್ಲ — ನಿನ್ನೆ ಆಚಾರ್ಯರು ಕೇಳಿದ್ದರು, ದೇವರು ಅಂದ್ರ ಪೂರ್ಣ, ದೋಷ ಇಲ್ಲದಂವ, ನೋವು ದೋಷ ಅಲ್ಲೇನು, ಶಿಲುಬಿ ಮ್ಯಾಲ ನೊಂದು ಸತ್ತಂವ ದೇವರು ಹ್ಯಾಂಗ ಆದಾನು? ಇವನು ಕಟ್ಟಳೆಯಂತೆ ಅದನ್ನು ತಿರುಗಿ ಹೇಳಿ, ಮುಂದಕ್ಕೆ ಬಾಗಿ, ತಿಂಗಳುಗಟ್ಟಲೆ ಮಸೆದಿಟ್ಟ ಮಾತು ಹೊರಗೆ ತೆಗೆದ, ಸರ್, ಇನ್ನೊಬ್ಬರ ನೋವು ಕಂಡೂ ತನಗೇನೂ ಆಗದಂವ ಪೂರ್ಣ ಹ್ಯಾಂಗ್ರೀ, ಎದುರಿಗಿದ್ದವರು ಬಾಯಿ ಬಿಡೂಕಿಂತ ಮೊದಲ ಅವರ ಸಂಕಟ ತಿಳಿಯೋದ ಪ್ರೀತಿ, ಅದಕ್ಕ ನಮ್ಮ ದೇವರು ಇಳಿದು ಬಂದ. ಆಚಾರ್ಯರು ಸುಮ್ಮನಾದರು. ಲೋಟ ಎತ್ತಿದರು, ಕಾಫಿ ಬಾಯೊಳಗೆ ಹೋಗದೆ ತುಟಿಯ ಎಡಮೂಲೆಯಿಂದ ಇಳಿಯಿತು, ಗದ್ದಕ್ಕೆ, ಬಿಳಿ ಅಂಗಿಗೆ, ಒರೆಸಿಕೊಳ್ಳಲಿಲ್ಲ, ಹೇಳ್ರಿ ಸರ್, ಉತ್ತರ ಹೇಳ್ರಿ, ಎಂದ ಇವನು, ಖುಷಿ ತಡೆಯದೆ ಎದ್ದೇಬಿಟ್ಟ, ಹಂಗಾದ್ರ ಇವತ್ತು ನಾ ಗೆದ್ದೆ, ಬರ್ತೀನ್ರಿ, ಚಪ್ಪಲಿ ಮೆಟ್ಟಿ ಬೀದಿಗಿಳಿದ, ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಕ್ಕ. ಅಷ್ಟಕ್ಕೇ ಬಿಟ್ಟನೇ? ಇವತ್ತು ಬೆಳಿಗ್ಗೆ ದೇವದುರ್ಗದ ಸಭೆಯಲ್ಲಿ ಎದ್ದು ನಿಂತು, ದೊಡ್ಡ ಪಂಡಿತರು, ಹೆಸರು ಬ್ಯಾಡ, ಕಾಫಿ ಅಂಗಿ ಮ್ಯಾಲ ಸುರದ್ರೂ ಖಬರಿಲ್ಲ, ನಮ್ಮ ಕರ್ತನ ಪ್ರೀತಿ ಮುಂದ ಅವರ ಬಾಯಿ ಕಟ್ಟಿಹೋತು — ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ, ಹಲ್ಲೆಲೂಯಾ, ಇವನೂ ನಕ್ಕ. ಏನರ ಕಂಡಿತ್ತೇನ್ರೀ ನಿಮಗ. ಕಂಡಿತ್ತು ಅಕ್ಕಾರ, ಎಲ್ಲಾ ಕಂಡಿತ್ತು. ಹೇಳಬೇಕು, ಬಸ್ಸಿಳಿದವನೇ ಹೋಗಿ ಆಕೆಯ ಎದುರು ನಿಂತು ಹೇಳಬೇಕು, ಹೇಳಿದ ಮೇಲೆ ಆ ಮನೆಗೆ ಹೋಗುವುದು ಹೇಗೆ, ಹೇಳದಿದ್ದರೆ ಅವರ ಮಂಚದ ಹತ್ತಿರ ಕೂಡುವುದು ಹೇಗೆ, ಕರ್ತನೇ ಎಂದು ಶುರು ಮಾಡುತ್ತಾನೆ, ಮುಂದಿನ ಮಾತು ಬರುವುದಿಲ್ಲ, ಕರ್ತನೇ, ಕರ್ತನೇ — ಕಾಫಿ ಇಳಿಯುತ್ತಿದೆ, ತುಟಿಯ ಎಡಮೂಲೆಯಿಂದ, ಗದ್ದಕ್ಕೆ, ಅಂಗಿಗೆ, ಆಚಾರ್ಯರು ಇವನನ್ನೇ ನೋಡುತ್ತಿದ್ದಾರೆ, ಇವನು ನಗುತ್ತಿದ್ದಾನೆ