ಫಿಟ್ಟರ್ ಹೊಡೆದ ಪೆನಾಲ್ಟಿ

೧
ರೈಲ್ವೆ ವರ್ಕ್‌ಶಾಪಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಎಲ್ಲಿಂದ ಶುರುಮಾಡುವುದು? 'ಸ್ಥಾಪನೆ'ಯಿಂದ ಹೊರಟೆ. ಓದುಗರೇ, ಮೊದಲ ಸಾಲಿಗೇ ನೀವು ಆಕಳಿಸಿದಿರಿ. ಹರಿದುಹಾಕಿದೆ.

ಕ್ಲಬ್ ಕಟ್ಟಿದವನು ಫಿಟ್ಟರ್. ಎಂಜಿನ್ ಷೆಡ್ಡಿನ ಹಿಂದಿನ ಬೂದಿಗುಡ್ಡೆಯನ್ನು ಬುಟ್ಟಿಯಲ್ಲಿ ಹೊತ್ತು ಮೈದಾನ ಮಾಡಿದ, ಗುಜರಿ ಪೈಪು ಬೆಸೆದು ಗೋಲ್‌ಕಂಬ ನಿಲ್ಲಿಸಿದ, ಆಟಗಾರರ ಶಿಫ್ಟು ಬದಲಿಸಲು ಫೋರ್‌ಮನ್ನನ ಕೈಕಾಲು ಹಿಡಿದ. ಕೆಲವು ವರ್ಷಗಳಾದ ಮೇಲೆ ಅವನ ತಮ್ಮ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಕೆಲಸಕ್ಕೆ ಸೇರಿದವನು, ಒಂದು ಸಂಜೆ ಬರಿಗಾಲಲ್ಲಿ ಮೈದಾನಕ್ಕಿಳಿದ. ಅಷ್ಟೇ. ಮರುವಾರದಿಂದ ಎಲ್ಲರ ಬಾಯಲ್ಲೂ ಅದು 'ಪಾಯಿಂಟ್ಸ್‌ಮನ್ ಟೀಮು'.

(ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂದು ಬರೆದಿದ್ದೆ. ಫಿಟ್ಟರ್ ರೇಗಿದ: "ನನ್ನ ತಮ್ಮನ್ನ ಹಾವು ಅಂತೀರಾ? ಅನ್ನೋದಿದ್ರೆ ನಾನು ಅಂತೀನಿ!")

೨
ಮನೆಯಲ್ಲಿ ತಾಯಿ ಬಡಿಸುತ್ತ ಕೇಳುತ್ತಿದ್ದಳು: "ಚಿಕ್ಕೋನು ಇವತ್ತೆಷ್ಟು ಗೋಲ್ ಹೊಡೆದ?"

"ಎರಡು."

"ನೀನು?"

"ನಾನು ಡಿಫೆಂಡರ್ ಅಮ್ಮಾ. ಗೋಲ್ ತಡೆಯೋನು."

"ಪಾಪ. ಹೋಗ್ಲಿ ಬಿಡು."

ಆ 'ಪಾಪ' ಅನ್ನದ ಜೊತೆ ಇಳಿಯಲೊಲ್ಲದು.

೩
ಕಳೆದ ವರ್ಷದ ಫೈನಲ್. ಕೊನೇ ಗಳಿಗೆ, ಎರಡೂ ಕಡೆ ಸಮ. ಗೋಲಿನ ಮುಂದೆ ಎದುರಾಳಿಯೊಬ್ಬ ತಮ್ಮನನ್ನು ಉರುಳಿಸಿದ. ಸೌದೆ ಮುರಿದಂಥ ಸದ್ದು. ಪೆನಾಲ್ಟಿ! ತಮ್ಮನನ್ನು ಗೆರೆಯಾಚೆ ಹೊತ್ತೊಯ್ದರು. ಕ್ಯಾಪ್ಟನ್ ಫಿಟ್ಟರ್ ಅತ್ತ ತಿರುಗಿಯೂ ನೋಡದೆ ಚೆಂಡು ಎತ್ತಿಕೊಂಡ. ಜೀವನದಲ್ಲಿ ಒಮ್ಮೆಯಾದರೂ ಬೇಕಿತ್ತು ಇದು.

ಒದ್ದ. ಗೋಲು.

ಎರಡೂ ಕೈಯೆತ್ತಿ ತಿರುಗಿದರೆ, ಇಡೀ ಟೀಮು ಅವನಿಗೆ ಬೆನ್ನು ಹಾಕಿ ತಮ್ಮನ ಸುತ್ತ ನಿಂತಿತ್ತು. ಆ ಮುರಿದ ಕಾಲಿನ ಮೇಲೂ ಅವನಿಗೆ ಹೊಟ್ಟೆಕಿಚ್ಚಾಯಿತು.

(ಚೆಂಡು ಕಂಬಕ್ಕೆ ಬಡಿಯುವ ಇನ್ನೊಂದು ಡ್ರಾಫ್ಟ್ ಇದೆ. ನೀತಿಕಥೆಗೆ ಹೇಳಿಮಾಡಿಸಿದ್ದು. ಫಿಟ್ಟರ್ ಒಪ್ಪಲಿಲ್ಲ: "ಇರೋದೇ ಒಂದು ಗೋಲು. ಅದನ್ನೂ ಕಿತ್ಕೋತೀರಾ?")

೪
ಆಸ್ಪತ್ರೆ. ತಮ್ಮನಿಗೆ ತೊಡೆವರೆಗೆ ಪ್ಲಾಸ್ಟರ್.

"ಅಣ್ಣಾ, ಗೋಲ್ ಆಯ್ತಾ? ಎಲ್ರೂ ಕಾಲಿನ ಮಾತೇ ಆಡ್ತಾರೆ."

"ಆಯ್ತು."

"ಯಾರು ಹೊಡೆದ್ರು?"

"ನಾನೇ."

ವಾರ್ಡಿನ ಚಾವಣಿ ಹಾರಿಹೋಗುವಂತೆ ತಮ್ಮ ಕೂಗಿದ: "ಕೇಳಿಸ್ತೇನ್ರೀ? ನಮ್ಮಣ್ಣ! ನಮ್ಮಣ್ಣ ಹೊಡೆದಿದ್ದು!"

ಮಲಗಿದ್ದ ರೋಗಿಗಳು ಚಪ್ಪಾಳೆ ತಟ್ಟಿದರು. ಫಿಟ್ಟರ್‌ಗೆ ಕಣ್ಣು ತುಂಬಿತು. ಅದರ ಬೆನ್ನಿಗೇ ಮೈ ಉರಿಯಿತು. ತಮ್ಮನ ಒಂದೇ ಒಂದು ಗೋಲಿಗೂ ತಾನು ಹೀಗೆ ಕೂಗಿದವನಲ್ಲ. ಇದರಲ್ಲೂ ಇವನೇ ಗೆದ್ದನಲ್ಲ!

೫
ಮುಕ್ತಾಯಕ್ಕೆ ಫಿಟ್ಟರನ್ನೇ ಕೇಳಿದೆ.

"ಅಣ್ಣತಮ್ಮ ಅಪ್ಪಿಕೊಂಡರು ಅಂತ ಬರೀಲಾ?"

"ಸುಳ್ಳು. ಪ್ಲಾಸ್ಟರ್ ಅಡ್ಡ ಇತ್ತು."

"ಕ್ಲಬ್ ಮುಚ್ಚಿಹೋಯ್ತು ಅಂತ?"

"ಬಿಡ್ತು ಅನ್ನಿ! ಇವತ್ತು ಪ್ರಾಕ್ಟೀಸ್ ಇದೆ."

"ಹೊಟ್ಟೆಕಿಚ್ಚು ಆರಿತು ಅಂತ?"

ಫಿಟ್ಟರ್ ಬೂಟಿನ ಲೇಸು ಬಿಗಿದ. ಕುಂಟುಕಾಲಿನ ತಮ್ಮ ಈಗ ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೋಚ್ ಆಗಿದ್ದಾನೆ.

"ಹೇಗೆ ಕಲಿಸ್ತಾನೆ?" ಎಂದೆ.

"ಹಾಳಾದೋನು, ಚೆನ್ನಾಗೇ ಕಲಿಸ್ತಾನೆ."

ಇದನ್ನೇ ಕೊನೆಯ ಸಾಲು ಮಾಡೋಣವೆಂದು ಪೆನ್ನೆತ್ತಿದೆ. ಅಷ್ಟರಲ್ಲಿ ಹೊರಗೆ ತಮ್ಮ ಸೀಟಿ ಊದಿದ. "ಅಣ್ಣಾ, ಲೇಟು! ಎರಡು ಸುತ್ತು ಜಾಸ್ತಿ ಓಡು!"

ಫಿಟ್ಟರ್ ಬೈದುಕೊಳ್ಳುತ್ತಲೇ ಓಡಿದ. ನಾನಿನ್ನೂ ಕೊನೆಯ ಸಾಲು ಬರೆದಿಲ್ಲ.