ಸಾತವ್ವ ಆಡಿದ ಒಂದೇ ಆಟ

ಗುರುಶಾಂತಪ್ಪನವರು ತೀರಿಕೊಂಡರೆಂಬುದು ನನಗೆ ತಿಳಿದದ್ದು ಶ್ರಾವಣದ ಒಂದು ಬುಧವಾರ. ಬೆಳಿಗ್ಗೆ ಹತ್ತಕ್ಕೆ ನನ್ನ ಸ್ವಿಚ್ಚು ಹಾಕಿದ ಬೆರಳು ಅವರದಾಗಿರಲಿಲ್ಲ. ಚೀಟಿ ಕೊಡುವ ಮಮ್ತಾಜ್ ಗಾಜು ಒರೆಸಲು ಬಟ್ಟೆ ತಂದಳು; ಒರೆಸದೆ ಅದರಲ್ಲೇ ಕಣ್ಣೊರೆಸಿಕೊಂಡಳು. "ನಿನ್ನೆ ಊಟಕ್ಕ ಕುಂತಾವ್ರು ಹಂಗ ವಾಲಿದ್ರಂತ," ಎಂದು ಬಾಗಿಲ ಕಾವಲುಗಾರನಿಗೆ ಹೇಳಿದಳು. ಅವನು ಟೋಪಿ ತೆಗೆದು ನಿಂತ. ಅಂದು ನನ್ನ ಬಳಿ ಯಾರನ್ನೂ ಬಿಡಲಿಲ್ಲ.

ನಾನು ಒಂದು ಪಿನ್‌ಬಾಲ್ ಯಂತ್ರ. ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಅದರ ಮೇಲೆ ಓಡಾಡುವ ಉಕ್ಕಿನ ಗುಂಡು. ಇದೇ ನನ್ನ ಒಡಲು. ಪಕ್ಕದ ಬಟನ್ ಒತ್ತಿದರೆ ಕೆಳಗಿನ ಎರಡು ಪುಟ್ಟ ರೆಕ್ಕೆಗಳು ಗುಂಡನ್ನು ಮೇಲಕ್ಕೆ ಹೊಡೆಯುತ್ತವೆ. ತಪ್ಪಿದರೆ ಅದು ರೆಕ್ಕೆಗಳ ನಡುವಿನ ಸಂದಿಗೆ ಬೀಳುತ್ತದೆ. ದೂರದೇಶದ ಒಂದು ಚಳಿಯೂರಿನಲ್ಲಿ ಬಡಗಿಯೊಬ್ಬ ನನ್ನ ಪೆಟ್ಟಿಗೆ ಮಾಡಿದ. ಹೆಂಗಸರು ಕೂತು ತಂತಿ ಹೆಣೆದರು. ಹಡಗಿನಲ್ಲಿ ಬಂದು, ಲಾರಿಯಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯ ಒಂದು ಆಟದ ಮನೆಗೆ ಸೇರಿದೆ.

ಅಲ್ಲಿ ನನ್ನನ್ನು ಬಿಚ್ಚಿದವರು ಗುರುಶಾಂತಪ್ಪನವರು. ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ ಕೈ. ರೇಡಿಯೊ ಕೇಳುವವರೇ ಕಡಿಮೆಯಾದ ಮೇಲೆ ಯಂತ್ರಗಳನ್ನು ನೋಡಿಕೊಳ್ಳಲು ಇಲ್ಲಿಗೆ ಬಂದಿದ್ದರು. ಮೊದಲ ದಿನ ಅವರು ನನ್ನನ್ನು ಆಡಿ ನೋಡಿದರು. ದೀಪಗಳು ಒಮ್ಮೆಲೆ ಹೊತ್ತಿಕೊಂಡದ್ದಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಹೊಸಬರೆಲ್ಲರಂತೆ ಎರಡೂ ಬಟನ್ನು ಒಟ್ಟಿಗೆ ಒತ್ತಿದರು. ಗುಂಡು ನಡುವೆಯೇ ಜಾರಿ ಹೋಯಿತು. "ಎಲಾ ಇವನ," ಎಂದು ನಕ್ಕು, ನನ್ನ ಹಣೆಗೆ ಮೂರು ಬೆರಳು ವಿಭೂತಿ ಎಳೆದರು. ಅಂದಿನಿಂದ ದಿನವೂ ಎಳೆದರು.

ಸಂಜೆ ನನ್ನ ಹೊಟ್ಟೆ ತೆರೆದು ತಂತಿ ಬಿಗಿಯುವಾಗ ಅವರು ನನ್ನೊಡನೆ ಮಾತಾಡುತ್ತಿದ್ದರು. ಹೆಚ್ಚಿನ ಮಾತು ಅಕ್ಕ ಸಾತವ್ವನ ಬಗ್ಗೆ. ಅವ್ವ ಸತ್ತ ಮೇಲೆ ಅವರನ್ನು ಎತ್ತಿ ಬೆಳೆಸಿದವಳು ಅವಳೇ. ಅಪ್ಪ ಇಸ್ಪೀಟಿನಲ್ಲಿ ಮನೆಯ ಹಾಲುಕೊಡುವ ಆಕಳನ್ನೂ ಸೋತ ದಿನದಿಂದ ಜೂಜೆಂದರೆ ಅವಳಿಗೆ ವಿಷ. ತಮ್ಮ ದೀಪ ಮಿನುಗುವ ಆಟದ ಮನೆ ಸೇರಿದನೆಂದು ಕೇಳಿ, ಅದೂ ಜೂಜೆಂದೇ ತಿಳಿದಳು. ನಾಗರಪಂಚಮಿಗೆ ಅವರು ಒಯ್ದ ಸೀರೆಯನ್ನು ಹೊಸ್ತಿಲಲ್ಲೇ ತಿರುಗಿಸಿದಳು. ಮರುವರ್ಷವೂ ಹಾಗೇ. ಈ ಸಲ ಅವರು ಸೀರೆ ಹಿಡಿದು ಮರಳಿದ ಹತ್ತನೆಯ ದಿನಕ್ಕೆ ಶಿವನ ಪಾದ ಸೇರಿದರು.

ಅವರು ಹೋದ ಒಂಬತ್ತನೆಯ ದಿನ ಮುದುಕಿಯೊಬ್ಬರು ಬಂದರು. ಸೆರಗು ತಲೆತುಂಬ ಹೊದ್ದಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

"ಗುರುಶಾಂತ ನೋಡ್ಕೋತಿದ್ದ ಮಶೀನ್ ಯಾವ್ದವ್ವಾ? ನಾನು ಅವನ ಅಕ್ಕ."

ಮಮ್ತಾಜ್ ಕೈಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದಳು. ಸಾತವ್ವ ವಿಭೂತಿಯ ಗೆರೆ ನೋಡಿದರು.

"ಇದಕ್ಕೂ ಹಚ್ಚ್ಯಾನ. ಮಳ್ಳ."

"ದಿನಾ ಹಚ್ಚತಿದ್ರು ಅಜ್ಜಿ. ನಾನು ನಗತಿದ್ದೆ."

"ಹೌದವ್ವಾ, ಒಂದು ಮಾತು ಖರೇ ಹೇಳು. ನಾಡದು ಅವನ ಶಿವಗಣಾರಾಧನೆ. ಅವನು ತಂದ ಮೂರು ಸೀರಿ ಅವನ ಹೆಂಡ್ತಿ ನನ್ನ ಮುಂದ ಇಟ್ಟಾಳ. ಅದು ಜೂಜಿನ ರೊಕ್ಕದ್ದಾದ್ರ ನಾ ಉಡೂದಿಲ್ಲ. ಇದರಾಗ ಗೆದ್ರ ಏನ್ ಕೊಡತೈತಿ?"

"ಏನೂ ಕೊಡೂದಿಲ್ರಿ."

"ಏನೂ ಇಲ್ಲ?"

"ಚಲೋ ಆಡಿದ್ರ ಇನ್ನೊಂದು ಆಟ ಆಡಾಕ ಬಿಡತೈತ್ರಿ. ಅಷ್ಟ."

"ಆಟ ಗೆದ್ರ ಇನ್ನೊಂದು ಆಟನ? ಅದಕ್ಕ ಇಷ್ಟು ಮಂದಿ ಬರ್ತಾರ?"

"ನೀವ ಆಡಿ ನೋಡ್ರಿ ಅಜ್ಜಿ."

ಸಾತವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಗುಂಡು ಚಿಮ್ಮಿಸುವ ಹಿಡಿಯನ್ನು ಎಳೆದು ಬಿಟ್ಟರು. ಗುಂಡು ಮೇಲೇರಿತು, ದೀಪಗಳು ಹೊತ್ತಿದವು, ನನ್ನ ಗಂಟೆ ಮೊಳಗಿತು. ಅವರು ಬೆಚ್ಚಿ ಮಮ್ತಾಜಳ ತೋಳು ಹಿಡಿದರು. ಗುಂಡು ಮೂರು ಕಂಬಗಳ ನಡುವೆ ಪುಟಿಯಿತು, ಒಂದು ಸೇತುವೆಯೇರಿತು, ಸುತ್ತಿ ಇಳಿಯಿತು. ಅದನ್ನೇ ನೋಡುತ್ತ ಬಟನ್ ಒತ್ತುವುದನ್ನೇ ಮರೆತರು. ಗುಂಡು ಸಂದಿಗೆ ಬಿತ್ತು.

"ಹೋತು," ಎಂದರು ಮೆಲ್ಲಗೆ.

ನಾನು ಅದೇ ಗುಂಡನ್ನು ಮತ್ತೆ ಮೇಲಕ್ಕೆ ಕಳಿಸಿದೆ. ಅದು ನನ್ನ ಹುಟ್ಟುಗುಣ: ಆಟ ಶುರುವಾದ ಹೊಸತರಲ್ಲಿ ಬಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಮತ್ತ ಯಾಕ ಬಂತು?"

"ಮೊದಲನೇ ತಪ್ಪಿಗೆ ಮಾಫಿ ಐತ್ರಿ ಇದರಾಗ."

ಗುಂಡು ಓಡುತ್ತಲೇ ಇತ್ತು. ಸಾತವ್ವ ಎರಡೂ ಅಂಗೈಯನ್ನು ನನ್ನ ಗಾಜಿನ ಮೇಲೆ ಊರಿದರು. ಗುಂಡು ಮತ್ತೆ ಬಿತ್ತು, ಈ ಸಲ ಮರಳಲಿಲ್ಲ.

"ನನ್ನ ತಮ್ಮ ಮೂರು ಸಲ ಬಂದಿದ್ದನವ್ವಾ," ಎಂದರು. "ಒಂದು ಸಲಾನೂ ಇಲ್ಲಿ ಬಂದು ನೋಡಲಿಲ್ಲ ನಾನು. ಬಾಗಿಲದಾಗ ನಿಂತಾವ್ಗ ನೀರು ಸೈತ ಕೊಡಲಿಲ್ಲ."

ಮಮ್ತಾಜ್ ಓಡಿಹೋಗಿ ನೀರು ತಂದಳು. ಅವರು ಕುಡಿಯಲಿಲ್ಲ; ತಂಬಿಗೆಯನ್ನು ನನ್ನ ಕಾಲ ಬಳಿ ಇಟ್ಟರು. ಒಂದಾಟಕ್ಕೆ ನನ್ನಲ್ಲಿ ಮೂರು ಗುಂಡು; ಉಳಿದ ಎರಡನ್ನೂ ಆಡಿದರು, ಒಂದೊಂದನ್ನೂ ಬೀಳದಂತೆ ಕಾಯಲು ನೋಡುತ್ತ. ಕೊನೆಯದನ್ನು ಎಡರೆಕ್ಕೆಯಿಂದ ಒಮ್ಮೆ ಸರಿಯಾಗಿ ಹೊಡೆದರು. ಆಗ ಅವರ ಮುಖದಲ್ಲಿ ಮೂಡಿದ್ದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ನಾನು ಎಲ್ಲರನ್ನೂ ಕೆಳಗಿನಿಂದ ನೋಡುವವನು.

ಹನ್ನೊಂದನೆಯ ದಿನ ಅವರು ಮೂರರಲ್ಲಿ ಹಸಿರು ಸೀರೆ ಉಟ್ಟು ತಮ್ಮನ ಪೂಜೆಗೆ ಕೂತರಂತೆ. ಆ ದಿನದ ಊಟಕ್ಕೆ ಅವರ ಮನೆಗೆ ಹೋಗಿದ್ದ ಮಮ್ತಾಜ್ ಬಂದು ಕಾವಲುಗಾರನಿಗೆ ಹೇಳಿದಳು.

ಈಗ ಆ ಆಟದ ಮನೆ ಮುಚ್ಚಿದೆ. ಗೋದಾಮಿನ ಮೂಲೆಯಲ್ಲಿ ತಾಡಪತ್ರಿಯ ಕೆಳಗೆ ನಿಂತಿದ್ದೇನೆ. ರಬ್ಬರು ಬಿರುಕು ಬಿಟ್ಟಿದೆ, ತಂತಿ ಇಲಿ ಕಡಿದಿದೆ. ಬಿದ್ದದ್ದನ್ನು ಎತ್ತಿ ಮೇಲಕ್ಕೆ ಕಳಿಸುವುದೊಂದೇ ನನಗೆ ಗೊತ್ತಿದ್ದ ಪುಣ್ಯದ ಕೆಲಸ; ಅದೂ ಒಂದು ಸಲ ಮಾತ್ರ. ಅದಕ್ಕಿಂತ ಹೆಚ್ಚಿನದು ಮೇಲಿನವನಿಗೆ ಬಿಟ್ಟದ್ದು.

ಶಿವನೇ, ಗುರುಶಾಂತಪ್ಪನವರ ಜೀವಕ್ಕೆ ನಿನ್ನ ಪಾದದ ನೆರಳಲ್ಲಿ ತಂಪು ಕೊಡು. ಅಕ್ಕನ ಮೇಲೆ ಅವರಿಗೆ ಒಂದು ದಿನವೂ ಸಿಟ್ಟಿರಲಿಲ್ಲ; ನಾನು ಕೇಳಿಸಿಕೊಂಡಿದ್ದೇನೆ. ಅವರು ಶಾಂತಿಯಿಂದ ಇರಲಿ.